ಇಮ್ತಿಯಾಜನ ಕೋಲು ಬಿದ್ದ ಜಾಗ

ಹುಬ್ಬಳ್ಳಿ, ಫೆಬ್ರವರಿ ೩೦, ೨೩೯೧

ಶಾಂಭವಿ ಹಡಪದ ಅವರಿಗೆ ಗಿರಿಜಾಂಬೆಯ ನಮಸ್ಕಾರ. ತಾರೀಖು ಕಂಡು ಹುಬ್ಬೇರಿಸಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಿಮ್ಮ ಕಾಲದ ಕನ್ನಡವನ್ನು ಪುಸ್ತಕದಿಂದ ಕಲಿತವಳು ನಾನು, ಮಾತು ವಿಚಿತ್ರವಾಗಿದ್ದರೆ ಕ್ಷಮಿಸಿ. ವಯಸ್ಸಿನಲ್ಲಿ ನೀವು ನನಗೆ ಮಗಳ ಸಮ, ಕಾಲದಲ್ಲಿ ಮುತ್ತಜ್ಜಿಗಿಂತ ಹಿರಿಯರು.

ನಿಮ್ಮ ಪಂಕ್ ಬ್ಯಾಂಡ್ 'ತುಕ್ಕು' ತನ್ನ ಮೊದಲ ಹಾಡು 'ಸುಮ್ಮ ಕುಂಡ್ರಂಗಿಲ್ಲ' ಬಿಟ್ಟು ಎಂಟು ದಿನವಾಗಿದೆ. ಕೇಳಿದವರು ನೂರು ಮಂದಿಯೂ ಇಲ್ಲ. "ಇದೇನ್ ಹಾಡವಾ, ಅಡಗಿಮನ್ಯಾಗ ಪಾತ್ರಿ ಬಿದ್ದಂಗ ಐತಿ" ಎಂದು ಒಬ್ಬರು ಬರೆದರು. "ಸ್ವಲ್ಪ ಸ್ವಚ್ಛ ಮಾಡಿ ಹಾಡ್ರಿ, ಮಂದಿ ಮೆಚ್ಚತಾರ" ಎಂದರು ನಿಮ್ಮ ಸೋದರಮಾವ. ಇದೆಲ್ಲ ನಿಮ್ಮ ಡೈರಿಯಲ್ಲಿದೆ, ಓದಿದ್ದು ತಪ್ಪೇ. ಹಾಡಿನ ನಡುವೆ ಡ್ರಮ್ಸ್ ಬಾರಿಸುವ ಇಮ್ತಿಯಾಜನ ಕೋಲು ಕೈಜಾರಿತು, ನೀವು "ಲೇ ಇಮ್ತ್ಯಾ, ಕೋಲ್ ಎಲ್ಲಿ ಒಗದಿ!" ಎಂದು ಕೂಗಿದಿರಿ, ಎಲ್ಲರೂ ನಕ್ಕಿರಿ. ನಾಳೆ ಅದನ್ನು ಕತ್ತರಿಸಿ, ಹಾಡನ್ನು ನಿಧಾನ ಮಾಡಿ, ಹಳೆಯದನ್ನು ಅಳಿಸಬೇಕೆಂದಿದ್ದೀರಿ.

ಆ ಸ್ವಚ್ಛ ಹಾಡೇ ನಮಗೆ ದಕ್ಕಿದ್ದು. ನಾನೂರು ಸಂಸಾರಕ್ಕೆ ಒಂದೇ ಅಡುಗೆಮನೆಯಿರುವ ಕಟ್ಟಡಗಳಿಗೆ ನಾವು ಸಾಲುಮನೆ ಎನ್ನುತ್ತೇವೆ. ದಿನಾ ಬೆಳಿಗ್ಗೆ, ಅಂಬಲಿ ಬಡಿಸುವ ಮೊದಲು, ಎಲ್ಲರೂ ಚಕ್ಕಳಮಕ್ಕಳ ಹಾಕಿ, ಕೈಮುಗಿದು, ಸುಮ್ಮನೆ ಕೂತುಕೊಂಡೇ 'ಸುಮ್ಮ ಕುಂಡ್ರಂಗಿಲ್ಲ' ಹಾಡುತ್ತೇವೆ. ನೀವು ಕತ್ತರಿಸಿ ಖಾಲಿ ಬಿಟ್ಟ ಜಾಗ ಬಂದಾಗ ಮೂರು ಎಣಿಸುವಷ್ಟು ಹೊತ್ತು ತಲೆ ಬಾಗಿಸುತ್ತೇವೆ. ಅದಕ್ಕೆ 'ತಡೆ' ಎಂದು ಹೆಸರು. ಅದರ ಗೂಢಾರ್ಥದ ಮೇಲೆ ಪಂಡಿತರ ಗ್ರಂಥಗಳಿವೆ. ಬೆರಳೆತ್ತಿ ಆ ಮೂರು ಎಣಿಸುವುದು ಐದು ತಲೆಮಾರಿನಿಂದ ನಮ್ಮ ಮನೆತನದ ಕೆಲಸ. ತಡೆಯಲ್ಲಿ ಎರಡು ಸಲ ನಕ್ಕ ಮಕ್ಕಳನ್ನು ಒಂದು ವರ್ಷ ಮೌನಶಾಲೆಗೆ ಕಳಿಸುತ್ತಾರೆ. ನನ್ನ ಆರು ವರ್ಷದ ಮೊಮ್ಮಗಳು ಚಂಪಿ ಒಂದು ಸಲ ನಕ್ಕಾಗಿದೆ. ಅವಳಿಗೆ ನಗು ತಡೆಯಲು ಬರುವುದಿಲ್ಲ.

ಹೋದ ವಾರ ಇಮ್ತಿಯಾಜನ ವಂಶದವರ ಟ್ರಂಕಿನಲ್ಲಿ ನಿಮ್ಮ ಡೈರಿಯೂ ಒಂದು ಹಳೆಯ ಫೋನೂ ಸಿಕ್ಕವು. ಫೋನಿನಲ್ಲಿ ನೀವು ಕತ್ತರಿಸುವ ಮೊದಲಿನ ಹಾಡು ಇತ್ತು. ಕೇಳಿ ಹೊಟ್ಟೆ ಹಿಡಿದು ನಕ್ಕೆ, ಆಮೇಲೆ ಮೈಯೆಲ್ಲ ಉರಿಯಿತು. ಕೈಜಾರಿದ ಒಂದು ಕೋಲಿಗೆ ಇಷ್ಟು ವರ್ಷ ತಲೆ ಬಾಗಿಸಿದೆವಲ್ಲ! ಅಂದಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ.

ದಯವಿಟ್ಟು ಕತ್ತರಿಸಬೇಡಿ, ತಾಯಿ. ಪಾತ್ರೆ ಬಿದ್ದಂತಿದ್ದರೆ ಹಾಗೇ ಇರಲಿ. ನಮ್ಮ ಮನೆತನದ ಕೆಲಸ ಹೋಗುತ್ತದೆ, ಹೋಗಲಿ.

ಕಾಗದ ನಿಮಗೆ ತಲುಪದಿದ್ದರೆ ನಾಳೆಯೂ ತಡೆ ಬರುತ್ತದೆ. ನಾನು ಬೆರಳೆತ್ತುವುದಿಲ್ಲ. ಚಂಪಿ ನಗುವ ಮೊದಲೇ ಎದ್ದು ನಿಂತು, ಇಮ್ತ್ಯಾನ ಕೋಲು ಎಲ್ಲಿ ಎಂದು ನಾನೇ ಕೂಗುತ್ತೇನೆ.