ನಲವತ್ತೊಂದು ಚೀಟಿ

ಅಕ್ಟೋಬರ್ 3, ಗುರುವಾರ

ಲೈಬ್ರರಿ ಕೌಂಟರಿನ ಮೇಲೆ ಕುಂಬಳಕಾಯಿ ಆಕಾರದ ಡಬ್ಬ ಇಟ್ಟೆ. ಪ್ಲಾಸ್ಟಿಕ್ಕಿನದು, ತಲೆಯಲ್ಲಿ ಸೀಳು. ಪಕ್ಕದಲ್ಲಿ ಚೀಟಿಗಳ ಕಟ್ಟು, ದಾರ ಕಟ್ಟಿದ ಪೆನ್ಸಿಲ್. ಮೇಲೆ ಬೋರ್ಡು: ‘ನಿಮಗೆ ಬಹಳ ಇಷ್ಟವಾದ ಹೆದರಿಕೆಯ ಸಿನಿಮಾ ಯಾವುದು? ಒಬ್ಬರಿಗೆ ಒಂದೇ ಚೀಟಿ.’ ಗೆದ್ದದ್ದನ್ನು ಹ್ಯಾಲೊವೀನ್ ಸಂಜೆ, ಮಕ್ಕಳು ಮನೆಮನೆ ತಿರುಗಿ ಮಿಠಾಯಿ ಬೇಡಿ ಮುಗಿಸಿದ ಮೇಲೆ, ಅಗ್ನಿಶಾಮಕ ಠಾಣೆಯ ಬಿಳಿ ಗೋಡೆಯ ಮೇಲೆ ಹಾಕಿ ತೋರಿಸುತ್ತೇವೆ. ಇಪ್ಪತ್ತೆರಡು ವರ್ಷದಿಂದ ಎಣಿಸುವವಳು ನಾನೊಬ್ಬಳೇ. ಲೈಬ್ರರಿಯವಳು ಸುಳ್ಳು ಹೇಳುವುದಿಲ್ಲ ಎಂದು ಊರಿನ ನಂಬಿಕೆ.

ಮಧ್ಯಾಹ್ನದೊಳಗೆ ಹದಿನಾಲ್ಕು ಬಿತ್ತು. ಒಬ್ಬ ಪುಣ್ಯಾತ್ಮ ಮಡಿಸದೆ ಕೌಂಟರಿನ ಮೇಲೇ ಬಿಟ್ಟುಹೋಗಿದ್ದ: ‘ನನ್ನ ಮದುವೆಯ ವೀಡಿಯೊ.’ ಟ್ರಿಶ್ ಎತ್ತಿಕೊಂಡಳು. ಕೌಂಟರಿನಲ್ಲಿ ನನ್ನ ಜೊತೆಗಾರ್ತಿ. ಮೂವತ್ತು ದಾಟಿಲ್ಲ, ನಾಲಿಗೆ ಮಾತ್ರ ಅಜ್ಜಿಯದು.

“ಇದು ಪೋಸ್ಟ್‌ಮ್ಯಾನ್ ಅಕ್ಷರ. ಹೆಂಡ್ತಿ ಕಣ್ಣಿಗೆ ಬಿದ್ರೆ ಮುಂದಿನ ಸಿನಿಮಾ ಅವನದ್ದೇ” ಎಂದಳು. ಆಮೇಲೆ, “ಈ ಸಲಾನೂ ಆ ಮುಖವಾಡದ ಕೊಲೆಗಾರನ ಸಿನಿಮಾನೇ ಗೆಲ್ಲೋದು ಆರ್ಲಿನ್. ಚೀಟಿ ಯಾಕೆ ದಂಡ? ನೀವೇ ಒಂದು ಲೆಕ್ಕ ಬರ್ಕೊಂಡು ಹೇಳ್ಬಿಡಿ.”

ತಮಾಷೆಗೆ ಅಂದದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈಯಿಂದ ಚೀಟಿಗಳ ಕಟ್ಟು ಜಾರಿ ನೆಲದ ತುಂಬ ಹರಡಿತು. ಇಬ್ಬರೂ ಕೂತು ಆರಿಸಿದೆವು.

ಅಕ್ಟೋಬರ್ 8, ಮಂಗಳವಾರ

ಮೇಷ್ಟ್ರು ಬಂದಿದ್ದರು. ಒರಿನ್ ಸ್ಟಾಡ್ಲರ್. ಎಂಬತ್ತಾರು. ಹೈಸ್ಕೂಲಿನಲ್ಲಿ ಅರ್ಧ ಊರಿಗೆ ಮರಗೆಲಸ ಕಲಿಸಿದವರು, ನನಗೂ. ನಾನು ಮಾಡಿದ ಸ್ಟೂಲು ಇವತ್ತಿಗೂ ಕುಂಟುತ್ತದೆ.

ಕಪಾಟುಗಳನ್ನು ಮುಟ್ಟಿಕೊಂಡೇ ಬಂದರು. ಕಣ್ಣಿನ ನಡುಭಾಗ ಹೋಗಿದೆ; ಅಂಚಿನಲ್ಲಿ ಮಾತ್ರ ಒಂದಿಷ್ಟು ಮಸುಕು ಬೆಳಕು. ಎರಡು ವರ್ಷದ ಹಿಂದೆ ಇದೇ ಮೇಜಿನಲ್ಲಿ ಕೂತು ಪೇಪರು ಓದುತ್ತಿದ್ದರು.

“ಚೀಟಿ ನೀನೇ ಬರ್ಕೊಡೇ ಆರ್ಲಿನ್. ನನ್ನ ಅಕ್ಷರ ಈಗ ಕೋಳಿ ಕೆದರಿದ ಹಾಗೆ.”

“ಯಾವುದು ಬರೀಲಿ ಮೇಷ್ಟ್ರೇ?” ಗೊತ್ತಿದ್ದೂ ಕೇಳಿದೆ.

“ಇನ್ಯಾವುದು? ‘ಗಿರಣಿ ಕೆರೆಯ ನೆರಳು.’”

1961ರಲ್ಲಿ ಇಲ್ಲೇ ತೆಗೆದದ್ದು. ಕಪ್ಪು ಬಿಳುಪು. ಕೆರೆಯಿಂದ ಒಬ್ಬಳು ಎದ್ದು ಬರುತ್ತಾಳೆ, ಆದರೆ ಅವಳು ಏಳುವವರೆಗೆ ಬರೀ ಕಾರು ಓಡಿಸುತ್ತಿರುತ್ತಾರೆ. ದಡದ ಮೇಲೆ ನಿಂತು ಕಿರುಚುವುದಕ್ಕೆ ನಮ್ಮೂರಿನ ನಲವತ್ತು ಜನರನ್ನು ಕರೆದಿದ್ದರು. ಮೇಷ್ಟ್ರ ಹೊಸ ಹೆಂಡತಿ ವಿಲ್ಮಾ ಅವರಲ್ಲಿ ಒಬ್ಬಳು. ಮೇಷ್ಟ್ರು ಕ್ಯಾಮೆರಾ ಪಕ್ಕದಲ್ಲಿ ದೀಪ ಹಿಡಿದಿದ್ದರು.

“ಎಲ್ಲಾರೂ ಕಿರುಚ್ರಿ ಅಂದ್ರು. ನಾನು ಇತ್ಲಾಗೆ ನಿಂತು ಮೂತಿ ಸೊಟ್ಟ ಮಾಡ್ದೆ. ಮೂವತ್ತೊಂಬತ್ತು ಜನ ಕಿರುಚಿದ್ರು, ಇವಳು ನಕ್ಬಿಟ್ಳು. ಹೊತ್ತು ಮುಳುಗ್ತಾ ಇತ್ತು, ಮತ್ತೆ ತೆಗೆಯೋಕಾಗ್ಲಿಲ್ಲ, ಹಾಗೇ ಉಳ್ಕೊಂತು. ಹನ್ನೊಂದು ಸೆಕೆಂಡು.” ಮೇಜಿನ ಅಂಚು ತಡವಿದರು. “ಹಲ್ಲು ಸೊಟ್ಟ ಅಂತ ಫೋಟೊಗೆಲ್ಲ ಬಾಯಿ ಬಿಗಿದೇ ನಿಲ್ತಿದ್ಳು. ಅವಳು ನಗೋದು ಪ್ರಪಂಚದಲ್ಲಿ ಅದೊಂದೇ ಕಡೆ ಇರೋದು.”

ವಿಲ್ಮಾ ಹೋಗಿ ಮೂರು ವರ್ಷ. ಮೂವತ್ತು ವರ್ಷ ಶಾಲೆಯಲ್ಲಿ ನಮಗೆಲ್ಲ ಊಟ ಬಡಿಸಿದವಳು.

“ಗೆಲ್ಲಲ್ಲ ಬಿಡು. ಈ ಊರಿನೋರ ಬಾಯಿ ನಂಗೆ ಗೊತ್ತಲ್ಲ” ಎಂದು ಎದ್ದರು.

ಬರೆಯುವಾಗ ಎರಡು ಸಲ ತಪ್ಪಿ ಹೊಡೆದುಹಾಕಿದೆ. ಸದ್ಯ, ಅವರಿಗೆ ಕಾಣುವುದಿಲ್ಲ ಎಂದುಕೊಂಡೆ. ಥೂ, ಎಂಥ ಸದ್ಯ ಇದು.

ಅಕ್ಟೋಬರ್ 12, ಶನಿವಾರ

ನಾಲ್ಕು ದಿನದಿಂದ ನಿದ್ದೆಯಿಲ್ಲ. ಬರೆದೇ ಬಿಡುತ್ತೇನೆ, ಈ ಪುಸ್ತಕ ಓದುವವರಾದರೂ ಯಾರು.

ಎರಡು ವರ್ಷದ ಹಿಂದೆ. ವಿಲ್ಮಾ ಹೋದ ಮರುವರ್ಷದ ಹ್ಯಾಲೊವೀನ್. ಮೇಷ್ಟ್ರು ಮನೆಮನೆಗೆ ಹೋಗಿ ಕೇಳಿಕೊಂಡರು, ಒಂದು ಚೀಟಿ ಹಾಕಿ ಎಂದು. ಸಿನಿಮಾದ ಪೂರ್ತಿ ರೀಲು ಇದ್ದದ್ದು ಕ್ಲೀವ್‌ಲ್ಯಾಂಡಿನ ಒಬ್ಬ ಮುದುಕನ ಹತ್ತಿರ. ಅವನಿಗೆ ಕಾಗದ ಬರೆದು ಒಪ್ಪಿಸಿದ್ದರು: ಗೆದ್ದರೆ ಅವನೇ ರೀಲು, ಯಂತ್ರ ಎಲ್ಲ ಹೊತ್ತು ತರುವುದು.

ಡಬ್ಬ ತೆರೆದೆ. ಗಿರಣಿ ಕೆರೆಗೆ ನಲವತ್ತೊಂದು. ಮುಖವಾಡದ್ದಕ್ಕೆ ಮೂವತ್ತೆಂಟು.

ನಾನು ಹಿಂದಿನ ವಾರವೇ ಮುಖವಾಡದ ಪೋಸ್ಟರು ಅಚ್ಚು ಹಾಕಿಸಿಬಿಟ್ಟಿದ್ದೆ. ಆರು ವರ್ಷ ಅದೇ ಗೆದ್ದಿತ್ತು, ಇನ್ನೇನು ಆದೀತು ಎಂದು. ಎಣಿಕೆಯಾದ ಸಂಜೆಯೇ ಅಂಗಡಿಗಳಿಗೆ ಹಂಚಬೇಕು, ಅರವತ್ತು ಪೋಸ್ಟರು ಕಟ್ಟು ಕಟ್ಟಿ ಸಿದ್ಧ. ಅದೂ ಪೂರ್ತಿ ನಿಜವಲ್ಲ. ಅರ್ಧ ಗಂಟೆ ಕಾರು ಓಡುವ ಸಿನಿಮಾ ಹಾಕಿದರೆ ಮಕ್ಕಳು ಎದ್ದು ಹೋಗುತ್ತಾರೆ, ಆರ್ಲಿನ್ ಹಬ್ಬ ಕೆಡಿಸಿದಳು ಎಂದು ಇಡೀ ಚಳಿಗಾಲ ಅನ್ನಿಸಿಕೊಳ್ಳಬೇಕು. ಅದು ಬೇಡವಾಗಿತ್ತು, ಅಷ್ಟೇ. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡೆ. ಮುಖವಾಡ ಮೂವತ್ತೆಂಟು, ಗಿರಣಿ ಕೆರೆ ಹತ್ತೊಂಬತ್ತು ಎಂದು ಸಾರಿದೆ. ಹತ್ತೊಂಬತ್ತು ಎಲ್ಲಿಂದ ಬಂತೋ, ಬಾಯಿಗೆ ಬಂತು. ಚೀಟಿಗಳನ್ನು ಮನೆಗೆ ತಂದು ಒಲೆಗೆ ಹಾಕಿದೆ.

ಮೇಷ್ಟ್ರು ಎದ್ದು ನಿಂತು ಚಪ್ಪಾಳೆ ತಟ್ಟಿದರು. “ಚುನಾವಣೆ ಅಂದ್ಮೇಲೆ ಸೋಲು ಗೆಲುವು ಇದ್ದದ್ದೇ ಕಣೇ” ಎಂದು ನನಗೇ ಸಮಾಧಾನ ಹೇಳಿದರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ನಲವತ್ತಕ್ಕೂ ಹೆಚ್ಚು ಜನ ಅವರ ಮುಖ ನೋಡಿ ‘ಹಾಕಿದ್ದೇವೆ’ ಎಂದಿದ್ದರು. ಹತ್ತೊಂಬತ್ತೇ ಬಿದ್ದಿದ್ದರೆ ಉಳಿದವರೆಲ್ಲ ಸುಳ್ಳುಗಾರರು. ಕ್ಷೌರದ ಅಂಗಡಿಯ ಲಾಯ್ಡ್ ಫಿಸ್ಟರ್ ಅವರ ಅರವತ್ತು ವರ್ಷದ ಗೆಳೆಯ. ಹನ್ನೊಂದು ಗಿರಾಕಿಗಳನ್ನು ಕುರ್ಚಿಯಲ್ಲಿ ಕೂರಿಸಿ ಬರೆಸಿದ್ದೆ ಎಂದು ಆಣೆ ಮಾಡಿದ. ಮೇಷ್ಟ್ರು ಅಂಗಡಿಯಲ್ಲೇ, ಎಲ್ಲರ ಎದುರು, “ಹನ್ನೊಂದು ನೀನೇ ತಂದಿದ್ರೆ ಮಿಕ್ಕ ಇಡೀ ಊರು ಸೇರಿ ಎಂಟೇನೋ? ನನ್ನ ಹೆಂಡ್ತಿ ವಿಷಯದಲ್ಲೂ ಸುಳ್ಳು ಹೇಳ್ತೀಯಲ್ಲೋ” ಎಂದರು. ಲಾಯ್ಡ್ ಹೆಗಲ ಮೇಲಿನ ಟವೆಲು ಬಿಸಾಡಿ ಬಾಗಿಲು ತೋರಿಸಿದ.

ಆಮೇಲೆ ಅವರಿಬ್ಬರೂ ಮಾತಾಡಲಿಲ್ಲ. ಮೇಷ್ಟ್ರು ಕಾಫಿ ಅಂಗಡಿಗೂ ಹೋಗುವುದು ಬಿಟ್ಟರು. ಹೋದ ಡಿಸೆಂಬರಿನಲ್ಲಿ ಲಾಯ್ಡ್ ತೀರಿಕೊಂಡ. ಮೇಷ್ಟ್ರು ಮಣ್ಣಿಗೆ ಬರಲಿಲ್ಲ. ನಾನು ಹೋಗಿದ್ದೆ. ಆಮೇಲೆ ಚರ್ಚಿನ ಊಟದಲ್ಲಿ ಆಲೂಗಡ್ಡೆ ಎರಡು ಸಲ ಹಾಕಿಸಿಕೊಂಡೆ.

ಕ್ಲೀವ್‌ಲ್ಯಾಂಡಿನ ಮುದುಕನೂ ಈ ವಸಂತದಲ್ಲಿ ಸತ್ತ. ರೀಲುಗಳು ಯಾರ ಪಾಲಾದವೋ.

ಅಕ್ಟೋಬರ್ 25, ಶುಕ್ರವಾರ

ಎಣಿಸಿದೆ. ಮುಖವಾಡ ಐವತ್ತೆರಡು. ದೆವ್ವದ ಗೊಂಬೆಯ ಸಿನಿಮಾ ಹದಿನೇಳು. ಗಿರಣಿ ಕೆರೆ ಮೂರು. ಮೂರರಲ್ಲಿ ಒಂದು ನನ್ನದು, ಒಂದು ನನ್ನ ಕೈಯಿಂದ ಮೇಷ್ಟ್ರದು.

ಗಿರಣಿ ಕೆರೆ ಗೆದ್ದಿತು, ಅರವತ್ತು ಚೀಟಿ ಎಂದು ಸಾರಿದೆ.

ಟ್ರಿಶ್ ನೋಡಿದಳು. “ನಿಜವಾಗ್ಲೂ? ಈ ಊರಿಗೆ ಏನು ಬಡೀತು?”

“ಜನ ಬದಲಾಗ್ತಾರಮ್ಮ.”

“ಜನ ಬದಲಾಗ್ಬಹುದು, ನಿಮ್ಮ ಕಿವಿ ಬದಲಾಗಿಲ್ಲ. ಸುಳ್ಳು ಹೇಳುವಾಗ ಕೆಂಪಗಾಗತ್ತೆ.” ಇನ್ನೇನೂ ಕೇಳಲಿಲ್ಲ. ಹೋಗಿ ಕಂಪ್ಯೂಟರಿನಲ್ಲಿ ಹುಡುಕಿ, ಎಲ್ಲೋ ಇದ್ದ ಒಂದು ಡಿಸ್ಕು ತರಿಸಲು ಹೇಳಿದಳು. ಒಳ್ಳೆಯ ಹುಡುಗಿ.

ಒಂದು ಕಳ್ಳತನ ಮುಚ್ಚಲು ಇನ್ನೊಂದು. ಆದರೂ ಮೇಷ್ಟ್ರಿಗೆ ಫೋನು ಮಾಡುವಾಗ ಎದೆ ಹಗುರವಾಗಿತ್ತು. ಅವರು ಅರವತ್ತು ಎಂಬುದನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ—

“ಅವತ್ತು ಕೈ ಮುಗಿದು ಕೇಳ್ಕೊಂಡೆ, ಹಾಕ್ಲಿಲ್ಲ. ಈ ಸಲ ಯಾರನ್ನೂ ಕೇಳಿರ್ಲಿಲ್ಲ ಕಣೇ. ಕೇಳದೇ ಹಾಕಿದಾರೆ ನೋಡು.”

ಫೋನಿಟ್ಟ ಮೇಲೆ ಹಗುರ ಎಲ್ಲ ಹೋಯಿತು.

ಅಕ್ಟೋಬರ್ 31

ಡಿಸ್ಕು ನಿನ್ನೆ ಬಂತು. ಮೊದಲ ಹತ್ತು ನಿಮಿಷ ಹಾಕಿ ನೋಡಿದೆ, ಸದ್ದು ಸರಿಯಿದೆ, ಎತ್ತಿಟ್ಟೆ. ಪೂರ್ತಿ ನೋಡುವುದಕ್ಕೆ ನನಗೇನು ಧಾಡಿಯಾಗಿತ್ತೋ.

ಏಳಕ್ಕೆ ಶುರು. ಬೆಡ್‌ಶೀಟು ಹೊದ್ದು ದೆವ್ವಗಳಾದ ಮಕ್ಕಳು, ಮಿಠಾಯಿ ಚೀಲ, ಬಿಸಿ ಸೇಬಿನ ರಸ. ಕಾಲು ಗಂಟೆಯಾಗುವಷ್ಟರಲ್ಲಿ ಹಿಂದಿನಿಂದ ಯಾರೋ, “ಇದು ಹೆದರಿಕೆ ಸಿನಿಮಾನೋ, ಡ್ರೈವಿಂಗ್ ಕ್ಲಾಸೋ?” ನಗು. ದೆವ್ವಗಳು ಡೋನಟ್ ಮೇಜಿನ ಕಡೆ ಹೊರಟವು.

ಮೇಷ್ಟ್ರನ್ನು ಎಲ್ಲರಿಗಿಂತ ಮುಂದೆ ಕೂರಿಸಿದ್ದೆ, ಮೊಣಕಾಲ ಮೇಲೆ ಕಂಬಳಿ. ಟೈ ಕಟ್ಟಿಕೊಂಡು ಬಂದಿದ್ದರು. “ಅವಳು ಬಂದಾಗ ಹೇಳು” ಎಂದರು. ಕತ್ತು ಓರೆ ಮಾಡಿಕೊಂಡು, ಕಣ್ಣಿನ ಅಂಚಿನಿಂದ ಗೋಡೆ ಹುಡುಕುತ್ತಿದ್ದರು.

ಶೆರಿಫ್ ದಡದ ಮೇಲೆ ಭಾಷಣ ಮಾಡಿದ. ಇನ್ನು ಜನ ಬರಬೇಕು.

ಕಾರು ಬಂತು. ಮತ್ತೆ ಅದೇ ಹಾಳು ಕಾರು. ಟಿವಿಗೆಂದು ಯಾರೋ ಕತ್ತರಿಸಿದ ಪ್ರತಿ, ದಡದ ಜನ ಇಡಿಯಾಗಿ ಮಾಯ.

“ಬಂದ್ಳಾ?” ಮೇಷ್ಟ್ರು ನನ್ನ ಕೈ ಹಿಡಿದುಕೊಂಡರು.

“ಬಂದ್ರು ಮೇಷ್ಟ್ರೇ.”

“ಎಲ್ಲಿದಾಳೆ?”

“ಎಡಗಡೆ... ಮೂರನೆಯವ್ರು. ತಲೆಗೆ ಸ್ಕಾರ್ಫು ಕಟ್ಟಿದಾರೆ.”

“ನಗ್ತಿದಾಳಾ?”

“ನಗ್ತಿದಾರೆ. ಹಲ್ಲೆಲ್ಲ ಕಾಣ್ತಿದೆ. ನಿಮ್ಮನ್ನೇ ನೋಡ್ತಿದಾರೆ.”

ಗೋಡೆಯ ಮೇಲೆ ಕಾರು ತಿರುವಿನಲ್ಲಿ ಹೋಗುತ್ತಿತ್ತು. ನಾನು ಹೇಳುತ್ತಲೇ ಹೋದೆ. ತಿರುಗಿ ನೋಡಿದರೆ ಟ್ರಿಶ್, ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮೇಷ್ಟ್ರು ತಲೆ ಆಡಿಸಿದರು, “ಸಾಕು” ಎಂದರು. ಕೈ ಬಿಡದೆ ಕೊನೆಯವರೆಗೂ ಕೂತಿದ್ದರು.

ನವೆಂಬರ್ 1, ಶುಕ್ರವಾರ

ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಬಂದರು. ಕೈಯಲ್ಲಿ ಒಂದು ಸೀಸೆ ಸೇಬಿನ ಜಾಮು, ನನಗೆ.

“ನಾಯಿ ಬೊಗಳಲಿಲ್ಲ ಕಣೇ.”

“ಯಾವ ನಾಯಿ ಮೇಷ್ಟ್ರೇ?”

“ಲಾಯ್ಡ್‌ನದು. ಸಿನಿಮಾದಲ್ಲಿ ದಡಕ್ಕೆ ಜನ ಬರೋಕೆ ಮುಂಚೆ ಮೂರು ಸಲ ಬೊಗಳತ್ತೆ. ಅದಾದ್ಮೇಲೆ ಕಿರುಚಾಟ. ಆವತ್ತು ಥಿಯೇಟರಲ್ಲಿ ಎರಡು ವಾರ ದಿನಾ ನೋಡಿದೋನು ನಾನು, ಕಣ್ಣಿಲ್ದಿದ್ರೂ ನಂಗೆ ಬಾಯಿಪಾಠ. ನಿನ್ನೆ ಬರೀ ಕಾರಿನ ಸದ್ದು.”

ನಾನು ಕೂತುಬಿಟ್ಟೆ.

“ಕೋಪ ಇಲ್ಲ ಬಿಡು. ಹಲ್ಲೆಲ್ಲ ಕಾಣ್ತಿದೆ ಅಂದ್ಯಲ್ಲ, ಆವಾಗ ನಂಗೆ ಕಂಡ್ಳು.” ಮೇಜು ತಡವಿ ನನ್ನ ಕೈ ತಟ್ಟಿದರು. “ಈ ಊರಲ್ಲಿ ನಂಗೆ ಸುಳ್ಳು ಹೇಳಿದೋರೇ ಎಲ್ಲ. ಒಳ್ಳೇದಕ್ಕೆ ಹೇಳಿದೋಳು ನೀನೊಬ್ಳೇ.”

ಹೋದರು. ಜಾಮು ಮೇಜಿನ ಮೇಲಿದೆ, ಮುಚ್ಚಳ ತೆಗೆದಿಲ್ಲ. ಕೆನ್ನೆಗೆ ಎರಡು ಬಾರಿಸಿ ಹೋಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನವೆಂಬರ್ 4, ಸೋಮವಾರ, ಮಧ್ಯಾಹ್ನ 2.40

ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಸ್ಮಶಾನದ ಗೇಟಿನ ಹತ್ತಿರ.

ಹೇಳಿದೆ. ಅವರ ಅಡುಗೆಮನೆಯಲ್ಲಿ, ಕೂರದೆ, ನಿಂತುಕೊಂಡೇ. ನಲವತ್ತೊಂದು. ಪೋಸ್ಟರು. ಹತ್ತೊಂಬತ್ತು. ಒಲೆ. ಎಲ್ಲ.

ಬೈಯಲಿಲ್ಲ. ಕಾಫಿ ಲೋಟ ತಿರುಗಿಸುತ್ತಾ ಕೂತಿದ್ದರು. ಒಂದೇ ಪ್ರಶ್ನೆ ಕೇಳಿದರು.

“ಲಾಯ್ಡ್?”

“ಹಾಕಿದ್ರು ಮೇಷ್ಟ್ರೇ. ಅವರ ಅಕ್ಷರ ನಂಗೆ ಗೊತ್ತು. ಗಿರಾಕಿಗಳದು ಹನ್ನೊಂದೂ ಇತ್ತು, ಎಲ್ಲ ಅಂಗಡಿಯ ಕೆಂಪು ಪೆನ್ಸಿಲ್ಲಿನಲ್ಲಿ.”

ಎದ್ದು ಗೋಡೆ ತಡವಿ ಟೋಪಿ ಹುಡುಕಿದರು. “ಕರ್ಕೊಂಡು ಹೋಗು” ಎಂದರು. ಗೇಟಿನಲ್ಲಿ, “ಎಷ್ಟನೇ ಸಾಲು?”

“ಐದನೇದು, ದಾರಿ ಪಕ್ಕದ್ದೇ ಕಲ್ಲು. ನಾನೂ ಬರ್ತೀನಿ—”

“ನೀನು ಇಳೀಬೇಡ.”

ಐವತ್ತು ವರ್ಷದಲ್ಲಿ ಆ ದನಿ ಕೇಳಿರಲಿಲ್ಲ. ಕೂತೆ. ಕೋಲು ಊರಿಕೊಂಡು, ಪ್ರತಿ ಸಾಲಿನ ಮೊದಲ ಕಲ್ಲು ಮುಟ್ಟಿ ಎಣಿಸುತ್ತಾ ಹೋದರು. ಕೈಗೆ ಏನಾದರೂ ಕೆಲಸ ಬೇಕಿತ್ತು, ಅದಕ್ಕೇ ಇದನ್ನು ತೆಗೆದೆ.

ನಿಂತರು. ಟೋಪಿ ತೆಗೆದರು.

ಅದು ನಾಲ್ಕನೇ ಸಾಲು. ಗೇಟಿನ ಪಕ್ಕದ ಕಲ್ಲುಬೆಂಚನ್ನೂ ಮುಟ್ಟಿ ಎಣಿಸಿಬಿಟ್ಟಿದ್ದಾರೆ. ಅದು ಲಾಯ್ಡ್‌ನದಲ್ಲ. ನೂರು ವರ್ಷದ ಹಿಂದೆ ಸತ್ತ ಯಾರೋ ಹೆಂಗಸಿನದು.

ಮಾತಾಡುತ್ತಿದ್ದಾರೆ. ಕಲ್ಲಿನ ಮೇಲೆ ಕೈಯಿಟ್ಟಿದ್ದಾರೆ. ಭುಜ ಅಲುಗುತ್ತಿದೆ.

ಇಳಿಯಬೇಡ ಎಂದಿದ್ದಾರೆ. ಸುಮ್ಮನಿದ್ದರೆ ಸಮಾಧಾನದಿಂದ ವಾಪಸು ಬರುತ್ತಾರೆ, ಮನೆಗೆ ಬಿಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ.

ಯಾರಿಗೂ ಗೊತ್ತಾಗುವುದಿಲ್ಲ. ಥೂ ನಿನ್ನ, ಆರ್ಲಿನ್.

ಇಳಿಯುತ್ತೇನೆ. ಹೊಡೆದರೆ ಹೊಡೆಯಲಿ. ಮೇಷ್ಟ್ರೇ, ಅದಲ್ಲ, ಇನ್ನೊಂದು ಸಾಲು ಮುಂದೆ ಎಂದು—