ಕಾಫಿ ಕುಟ್ಟದ ದಿನ

ಅಮ್ಮಾನ್, ಭಾನುವಾರ

ಸುವೈಲಿಮ್ ದೊಡ್ಡಪ್ಪನಿಗೆ ಸಲಾಂ.

ಮೊನ್ನೆ ಊರಿಗೆ ಬಂದು ನಿಮ್ಮ ಬದುಕಿನ ಕಥೆ ದಾಖಲಿಸುವಾಗ, ಧ್ವನಿ ಸ್ವಚ್ಛವಾಗಿ ಮುದ್ರಣವಾಗಲೆಂದು ನಿಮ್ಮ ಮನೆಯ ಫ್ರಿಜ್ ಆರಿಸಿದೆ, ಕಾಫಿ ಕುಟ್ಟುವುದನ್ನೂ ನಿಲ್ಲಿಸಿದೆ. ಬೆಳಗಿನ ಒರಳಿನ ಸದ್ದು ನಿಂತರೆ ಊರವರು ಸಾವಿನ ಮನೆ ಎಂದುಕೊಳ್ಳುತ್ತಾರೆಂಬುದು ಪಟ್ಟಣ ಸೇರಿದ ನನಗೆ ಮರೆತೇಹೋಗಿತ್ತು. ಕ್ಷಮಿಸಿ.

ಏನು ಕೇಳಿದರೂ "ನಂದೇನಿದೆ ಹೇಳೋಕೆ" ಅಂದಿರಿ. ಅಷ್ಟರಲ್ಲಿ ಅಂಗಳದಲ್ಲಿ ನೆರೆಮನೆಯ ಫಿದ್ದಾ ಅಜ್ಜಿಯ ಅಳು: "ಪ್ರವಾಹದಲ್ಲಿ ನನ್ನ ಹೊತ್ತು ದಾಟಿಸಿದೋನು ಹೋಗ್ಬಿಟ್ನಲ್ಲಪ್ಪಾ!" ನೀವು ಬದುಕಿದ್ದೀರೆಂದು ಅವರಿಗೆ ಹೇಳಲು ನಾನು ಎದ್ದೆ. "ಸುಮ್ನೆ ಕೂತ್ಕೊಳೇ, ಇನ್ನೇನು ಹೇಳ್ತಾಳೆ ಕೇಳೋಣ" ಎಂದು ನೀವು ಪಿಸುಗುಟ್ಟಿದ್ದೂ ದಾಖಲಾಗಿದೆ.

ಗುರುವಾರ ಬರುತ್ತೇನೆ. ಕಾಫಿ ಧಾರಾಳವಾಗಿ ಕುಟ್ಟಿ, ಅಜ್ಜಿಯನ್ನೂ ಕರೆಯಿರಿ. ಅಂದು ಕೊನೆಗೆ ನೀವೇ ಎದ್ದು ಹೋದಾಗ, ಬದುಕಿರುವ ನಿಮ್ಮನ್ನು ಬಾಗಿಲಲ್ಲಿ ಕಂಡೊಡನೆ ಅವರ ಅಳು ನಿಂತಿತು. ಒಂದಿಡೀ ನಿಮಿಷ ನೀವಿಬ್ಬರೂ ಮಾತಾಡಲಿಲ್ಲ. ಧ್ವನಿಮುದ್ರಣದಲ್ಲಿ ಗದ್ದಲವೇ ಇಲ್ಲದ ಭಾಗ ಅದೊಂದೇ.

ಆ ಒಂದು ನಿಮಿಷದಲ್ಲಿ ಏನಿದೆ, ದೊಡ್ಡಪ್ಪಾ?

ನಿಮ್ಮ ತಮ್ಮನ ಮಗಳು,
ನೌಫ್