ಕಾಯೋರು, ಕೊಡೋರು, ಪಕ್ಕದಲ್ಲಿ ಕೂರೋರು

ನನ್ನ ಮೇಷ್ಟ್ರೇ,

ಈ ಕಾಗದ ನಿಮ್ಮ ಕೈಗೆ ಸಿಕ್ಕರೆ ಮೊದಲು ಅಕ್ಷರ ನೋಡಿ ಹುಬ್ಬು ಗಂಟಿಕ್ಕುತ್ತೀರಿ ಎಂದು ಗೊತ್ತು. "ಏನಮ್ಮಾ ಇದು, ಇರುವೆ ಮೆರವಣಿಗೆ ಹೊಂಟಂಗದೆ" ಎಂದು ಇಡೀ ತರಗತಿಯ ಎದುರು ಹೇಳಿದವರಲ್ಲವೇ ನೀವು? ಈಗಲೂ ಹಾಗೇ ಇದೆ, ಸಹಿಸಿಕೊಳ್ಳಿ. ನಿಮ್ಮ ತಿಥಿಗೆ ಕುಣಿಗಲ್ಲಿಗೆ ಬಂದಿದ್ದೆ. ನಿಮ್ಮ ಮನೆಯವರ ಕೈ ಹಿಡಿದು ಕೂತಿದ್ದು ಎದ್ದು ಬಂದೆ. ಹೇಳಬೇಕಾಗಿದ್ದದ್ದು ನಿಮಗೆ. ನೀವು ನೋಡಿದರೆ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು...

ತುಮಕೂರಿನ ಟ್ರೈನಿಂಗ್ ಕಾಲೇಜಿನಲ್ಲಿ ನೀವು ನಮಗೆ ಮಕ್ಕಳ ಮನೋವಿಜ್ಞಾನ ತೆಗೆದುಕೊಳ್ಳುತ್ತಿದ್ದಾಗ ಒಂದು ಟೆಸ್ಟ್ ಕೊಟ್ಟಿದ್ದಿರಿ. 'ಮಗುವಿನ ಕಲಿಕೆಯ ಸಿದ್ಧಾಂತಗಳನ್ನು ಹೋಲಿಸಿ.' ನಾನು ಸ್ಕೇಲಿಟ್ಟು ಗೆರೆ ಎಳೆದು, ಎರಡು ಬಣ್ಣದ ಪೆನ್ನಿನಲ್ಲಿ ಕೋಷ್ಟಕ ಬರೆದಿದ್ದೆ. ನೀವು ಅರ್ಧ ಅಂಕ ಕಿತ್ತುಕೊಂಡಿರಿ. "ಕೋಷ್ಟಕ ಬಲು ಚೆನ್ನಾಗದೆ ಕಣಮ್ಮ. ಇದ್ರಲ್ಲಿ ಮಗು ಎಲ್ಲಿ ಕೂತದೆ?" ಎಂದಿರಿ. ಮೈಯೆಲ್ಲ ಉರಿದುಹೋಗಿತ್ತು ನನಗೆ. ಮರುದಿನ ಬೋರ್ಡಿನ ಮೇಲಿದ್ದ ಪರದೇಶದ ಹೆಸರುಗಳನ್ನೆಲ್ಲ ಅಳಿಸಿ ನೀವು ಮೂರೇ ಪದ ಬರೆದಿರಿ: ಕಾಯೋರು, ಕೊಡೋರು, ಕೂರೋರು. ವಯಸ್ಸಿಗೆ ತಕ್ಕ ಹಂತ ಬಂದಾಗ ಮಗು ತಾನೇ ಕಲಿಯುತ್ತದೆ ಎನ್ನುವವರು ಕಾಯೋರು. ಸರಿ ಮಾಡಿದರೆ ಬಹುಮಾನ ಕೊಡಿ, ಮತ್ತೆ ಮಾಡುತ್ತದೆ ಎನ್ನುವವರು ಕೊಡೋರು. ತನಗಿಂತ ಒಂಚೂರು ಹೆಚ್ಚು ಬಲ್ಲವರು ಜೊತೆಗಿದ್ದರೆ ಕಲಿಯುತ್ತದೆ ಎನ್ನುವವರು ಪಕ್ಕದಲ್ಲಿ ಕೂರೋರು. ಅಷ್ಟು ದಪ್ಪ ಪುಸ್ತಕ ನನಗೆ ಅವತ್ತೇ ಅರ್ಥವಾದದ್ದು.

ಗುಬ್ಬಿಯ ಶಾಲೆಗೆ ಪಾಠ ಮಾಡುವ ಅಭ್ಯಾಸಕ್ಕೆ ಹೋದಾಗ ನೀವು ಮಜ್ಜಿಗೆ ತಂದದ್ದು ನೆನಪಿದೆಯೇ? ಕುಡಿಯಲಿಕ್ಕೆಂದು ನಾವೆಲ್ಲ ಖುಷಿಪಟ್ಟಿದ್ದೆವು. ನೀವು ಒಂದೇ ಅಳತೆಯ ಎರಡು ಲೋಟಕ್ಕೆ ಅದನ್ನು ಸುರಿದು, ಎರಡರಲ್ಲೂ ಒಂದೇ ಸಮ ಇದೆಯೇ ಎಂದು ಒಬ್ಬ ಪುಟ್ಟ ಹುಡುಗಿಯನ್ನು ಕೇಳಿದಿರಿ. "ಒಂದೇ ಸಾ" ಎಂದಳು. ಅವಳ ಕಣ್ಣೆದುರೇ ಒಂದು ಲೋಟದ್ದನ್ನು ಸಪೂರ ಗಾಜಿನ ಲೋಟಕ್ಕೆ ಬಗ್ಗಿಸಿ ಮತ್ತೆ ಕೇಳಿದಿರಿ. ಅವಳು ಉದ್ದ ಲೋಟ ತೋರಿಸಿ "ಇದ್ರಲ್ಲಿ ಜಾಸ್ತಿ" ಎಂದಳು. ಪುಸ್ತಕದಲ್ಲಿದ್ದ ಹಾಗೇ ಆಯಿತಲ್ಲ ಎಂದು ನಾವೆಲ್ಲ 'ಹಂತ ತಲುಪಿಲ್ಲ' ಎಂದು ಬರೆದುಕೊಂಡೆವು. ನೀವು ಮಾತ್ರ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, "ಯಾಕವ್ವಾ, ಮೊದ್ಲು ಒಂದೇ ಅಂದಿದ್ದೆ?" ಎಂದು ಕೇಳಿದಿರಿ.

"ನೀವು ತಿರ್ಗ ಕೇಳುದ್ರಲ್ಲ ಸಾ. ಮೊದ್ಲು ಹೇಳಿದ್ದು ತಪ್ಪಾಗಿತ್ತೇನೋ ಅಂತ. ನಮ್ ಮಿಸ್ಸು ಸರಿಯಾಗಿದ್ರೆ ತಿರ್ಗ ಕೇಳಲ್ಲ."

ನಾವು ಬರೆದುಕೊಂಡಿದ್ದನ್ನು ನೀವು ಒಮ್ಮೆ ನೋಡಿದಿರಿ. ಅವಳಿಗೆ ಆ ಮಜ್ಜಿಗೆ ಕುಡಿಸಿ ಕಳಿಸಿದಿರಿ.

ನೀವು ಹೋದ ಮೇಲಿನ ಮಾರ್ಚಿನಲ್ಲಿ ನನ್ನ ಮಗಳು ನಿಧಿಯ ಶಾಲೆಯಿಂದ ಕರೆ ಬಂತು. ನಾನು ಗುಬ್ಬಿ ಹತ್ತಿರದ ಸರ್ಕಾರಿ ಶಾಲೆಯ ಮೇಡಂ, ಮಗಳು ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ. ನಿಮಗೆ ಗೊತ್ತಾಗಿದ್ದರೆ ನನ್ನ ಕಿವಿ ಹಿಂಡುತ್ತಿದ್ದಿರಿ, ಇರಲಿ. ಓದು ಬರುವುದಿಲ್ಲ, ಕೇಳಿದರೆ ಬಾಯಿ ಬಿಡುವುದಿಲ್ಲ, ಇನ್ನೊಂದು ವರ್ಷ ಯುಕೆಜಿಯಲ್ಲೇ ಇರಲಿ ಎಂದರು. ಅವಳ ಗೆಳತಿಯರೆಲ್ಲ ಒಂದನೇ ಕ್ಲಾಸಿಗೆ, ಇವಳು ಅದೇ ಬೆಂಚಿಗೆ. ಆಟೋದಲ್ಲಿ ಬರುವಾಗ "ಅಮ್ಮಾ, ನಾನು ದಡ್ಡಿನಾ?" ಎಂದು ಕೇಳಿದಳು ಮೇಷ್ಟ್ರೇ. ಊರ ಮಕ್ಕಳಿಗೆಲ್ಲ ಓದು ಕಲಿಸುವವಳು ನಾನು, ನನ್ನ ಮಗುವಿಗೇ ಏನು ಹೇಳಲಿ?

ಮನೆಯಲ್ಲಿ ನಿಮ್ಮ ಬೋರ್ಡೇ ಎದ್ದು ಬಂದು ಜಗಳಕ್ಕೆ ನಿಂತಿತು. ನಮ್ಮತ್ತೆ ಕಾಯೋರು. "ಬುಡವ್ವ, ಇವಳಪ್ಪ ಎರಡ್ನೇ ಕ್ಲಾಸು ಮುಗಿಯೋಗಂಟ ಅಕ್ಷರ ಕೂಡುಸ್ತಿರ್ಲಿಲ್ಲ. ಈಗ ಬ್ಯಾಂಕಲ್ಲಿ ಕೂತು ಊರೋರಿಗೆಲ್ಲ ಬುದ್ಧಿ ಹೇಳಲ್ವಾ?" ನಮ್ಮೆಜಮಾನರು ಕೊಡೋರು. ಫ್ರಿಜ್ಜಿನ ಮೇಲೆ ಚಾರ್ಟ್ ಅಂಟಿಸಿದರು, ಒಂದು ಪುಟ ಓದಿದರೆ ಒಂದು ಸ್ಟಾರ್. "ಸ್ಟಾರೂ ಬೇಡ, ಓದೋದೂ ಬೇಡ" ಎಂದು ನಿಧಿ ಲೆಕ್ಕ ಚುಕ್ತಾ ಮಾಡಿದಳು. ನಾನು ಪಕ್ಕದಲ್ಲಿ ಕೂತೆ ನಿಜ, ಆದರೆ ನನ್ನ ಎದೆಬಡಿತ ಅವಳಿಗೆ ಕೇಳಿಸುವಷ್ಟು ಹತ್ತಿರ ಕೂತೆ.

ಕೊನೆಗೆ ಶಾಲೆಯವರು ನನ್ನೆದುರೇ ಓದಿಸುತ್ತೇವೆ ಎಂದರು. ಟೀಚರು ಒಳ್ಳೆಯ ಹುಡುಗಿ. ಇಂಗ್ಲಿಷಿನಲ್ಲಿ 'ಬಸ್' ಎಂದು ಬರೆದಿದ್ದ ಚೀಟಿ ತೋರಿಸಿದಳು. ನಿಧಿ ಮೆಲ್ಲಗೆ ಓದಿದಳು, ಸರಿಯಾಗಿಯೇ ಓದಿದಳು. ಟೀಚರು ನಗುತ್ತಲೇ "ಇನ್ನೊಂದ್ಸಲ ಹೇಳು ಪುಟ್ಟಾ" ಎಂದಳು. ನಿಧಿ ನನ್ನ ಮುಖ ನೋಡಿದಳು, ಬಾಯಿ ಮುಚ್ಚಿಕೊಂಡಳು. ಆ ಗಳಿಗೆಯಲ್ಲಿ ನಿಮ್ಮ ಮಜ್ಜಿಗೆಯ ಹುಡುಗಿ ನನ್ನ ಕಣ್ಮುಂದೆ ಬಂದು ನಿಂತಳು. ನಮ್ಮ ಮನೆಯಲ್ಲೂ ತಪ್ಪಾದಾಗ ಮಾತ್ರ ತಾನೇ ನಾವು ತಿರುಗಿ ಕೇಳುವುದು?

"ಸರಿಯಾಗೇ ಓದಿದ್ಲು ಮೇಡಂ" ಎಂದೆ.

"ಹೌದಾ? ನಂಗೆ ಕೇಳಿಸ್ಲೇ ಇಲ್ಲ, ಅದಕ್ಕೇ ತಿರ್ಗ ಕೇಳ್ದೆ" ಎಂದಳು ಪಾಪ.

ಆದರೆ ಶಾಲೆಯ ನಿರ್ಧಾರ ಆಗಿಹೋಗಿತ್ತು. ನಾನು ಟಿಸಿ ಕೇಳಿದೆ, ನನ್ನ ಶಾಲೆಗೇ ಒಂದನೇ ತರಗತಿಗೆ ಸೇರಿಸುತ್ತೇನೆ ಎಂದೆ. ಯಜಮಾನರು ಸಿಡಿಮಿಡಿಗುಟ್ಟಿದರು. "ಯಾರ್ ಹೇಳುದ್ರು ನಿಂಗೆ ಹಿಂಗ್ ಮಾಡು ಅಂತ?" "ನಮ್ಮೇಷ್ಟ್ರು" ಎಂದೆ. ನೀವು ತೀರಿಕೊಂಡು ತಿಂಗಳುಗಳೇ ಆಗಿದ್ದವು. ಅವರು ಎದ್ದು ಹೋಗಿ ಫ್ರಿಜ್ಜಿನ ಮೇಲಿದ್ದ ಚಾರ್ಟ್ ಕಿತ್ತರು.

ನಮ್ಮ ನಲಿಕಲಿ ತರಗತಿ ನಿಮಗೆ ಗೊತ್ತೇ ಇದೆ, ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಗುಂಪು ಗುಂಪಾಗಿ ಕೂರುತ್ತಾರೆ. ನಿಧಿಯನ್ನು ಗೆಳೆಯರ ಸಹಾಯದ ಗುಂಪಿಗೆ ಹಾಕಿದೆ. ಪಕ್ಕದಲ್ಲಿ ಮೂರನೇ ಕ್ಲಾಸಿನ ಸವಿತಾ. ಅವಳು ತಿರುಗಿ ಕೇಳುವವಳೇ ಅಲ್ಲ. ನಿಧಿ ಸರಿ ಹೇಳಿದರೆ ಮುಂದಿನ ಅಕ್ಷರದ ಕಾರ್ಡು, ತಪ್ಪಿದರೆ "ಅಲ್ಲ ಕಣೇ, ಇದು ಹಿಂಗೆ", ಜೊತೆಗೆ ಆಗಾಗ ಒಂದು ಚೂರು ಹುಣಸೆಹಣ್ಣು. ಆದರೆ ಮೊದಮೊದಲು ವಾರಗಟ್ಟಲೆ ನಿಧಿ ಬಾಯಿ ಬಿಡಲಿಲ್ಲ. ನಾನು ದೂರ ನಿಂತು ಕಾದೆ. ನನ್ನ ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಕೊನೆಗೊಂದು ದಿನ ಅವಳು ಸವಿತಾಳಿಗೆ ಮಾತ್ರ ಕೇಳುವಂತೆ ಒಂದು ಕಾರ್ಡು ಓದಿದಳು. ಆಮೇಲೆ ನೋಡಿದರೆ ಕಾಯುವುದೂ ಅಲ್ಲೇ ಇತ್ತು, ಕೊಡುವುದೂ ಅಲ್ಲೇ, ಕೂರುವುದೂ ಅಲ್ಲೇ. ಇವತ್ತು ಯಾವುದು ಬೇಕು ಎಂದು ಮಗುವಿನ ಮುಖ ನೋಡಿಯೇ ತಿಳಿಯಬೇಕು, ಅಲ್ಲವೇ? ನೀವು ಕಿತ್ತುಕೊಂಡ ಆ ಅರ್ಧ ಅಂಕಕ್ಕೆ ನಾನು ನಿಮಗೆ ಎಷ್ಟು ಋಣಿ ಎಂದು ಹೇಳಲು ಬರುತ್ತಿಲ್ಲ. ಆ ಪ್ರಶ್ನೆ ಕೇಳದಿದ್ದರೆ ನನ್ನ ಮಗಳನ್ನು ನಾನೂ ಒಂದು ಕೋಷ್ಟಕದಲ್ಲಿ ಕೂರಿಸಿಬಿಡುತ್ತಿದ್ದೆ.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ನಿಧಿ ಈಗ ಎರಡನೇ ಕ್ಲಾಸು, ಬಸ್ಸಿನ ಬೋರ್ಡುಗಳನ್ನೆಲ್ಲ ಕೂಗಿ ಓದಿ ಕಂಡಕ್ಟರಿಗೆ ತಲೆನೋವು ತರಿಸುತ್ತಾಳೆ. ಈ ಜೂನಿನಲ್ಲಿ ಒಂದು ಹೊಸ ಮಗು ಬಂತು. ಬಾಗಿಲ ಚೌಕಟ್ಟು ತಬ್ಬಿಕೊಂಡು ನಿಂತಿತ್ತು, ಹೆಸರು ಕೇಳಿದರೂ ಹೇಳಲೊಲ್ಲದು. ನಾನು ಎದ್ದು ಹೋಗುವಷ್ಟರಲ್ಲಿ ನಿಧಿ ಅದರ ಹತ್ತಿರ ಹೋಗಿದ್ದಳು.

"ಈಗ್ಲೇ ಹೇಳ್ಬೇಕು ಅಂತೇನಿಲ್ಲ ಕಣೇ" ಎಂದಳು. "ನಂಗೂ ಮೊದ್ಲು ಭಯ ಆಗ್ತಿತ್ತು. ಬಾ, ನಾನಿದೀನಿ."

ಆ ಮಗು ಚೌಕಟ್ಟು ಬಿಟ್ಟು ಅವಳ ಕೈ ಹಿಡಿದುಕೊಂಡು ಒಳಗೆ ಬಂತು.

ನಿಮ್ಮ ವಿದ್ಯಾರ್ಥಿನಿ,
ಹೆಬ್ಬೂರಿನ ಶಶಿಕಲಾ